ಗಸಗಸೆ ಪಾಯಸ

ಮಗ ಮಿಲಿಟರಿ ಸೇರಿದ ಅಂತ ಹೇಳಿಕೊಳ್ಳುವ ತಾಯಂದಿರು ನ್ಯೂಜೆರ್ಸಿಯ ಕನ್ನಡದವರಲ್ಲಿ ಎಷ್ಟು ಜನ ಇದ್ದಾರು? ನಮ್ಮ ಮಕ್ಕಳು ಡಾಕ್ಟರಾಗುತ್ತಾರೆ, ಡೇಟಾ ಸೈನ್ಸು ಓದುತ್ತಾರೆ, ಏನೂ ಇಲ್ಲದಿದ್ದರೆ ಹೋಬೋಕನ್‌ನಲ್ಲಿ ರೂಮು ಹಿಡಿದು ಫೆರಿ ಹತ್ತಿಕೊಂಡು ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗುತ್ತಾರೆ. ಬಂದೂಕು ಹಿಡಿಯುವುದು ಬೇರೆಯವರ ಮಕ್ಕಳ ಕೆಲಸ ಅಂತ ನಾವು ಎಂದೋ ತೀರ್ಮಾನ ಮಾಡಿಬಿಟ್ಟಿದ್ದೇವೆ. ಹಾಗಾಗಿ ಪಾರ್ಸಿಪನಿಯ ಪಂಕಜಾಳ ಮಗ ವಸಿಷ್ಠ ಕಾಲೇಜು ಬಿಟ್ಟು ಆರ್ಮಿಗೆ ಹೋದ ಅಂದಾಗ, ಹಬ್ಬಕ್ಕೆ ಅವಳ ಕೈಯಲ್ಲಿ ಒಬ್ಬಟ್ಟು ಮಾಡಿಸಿಕೊಳ್ಳುತ್ತಿದ್ದ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಅಪ್ಪ ಇಲ್ಲದ ಮನೆ, ಪಾಪ, ಅಂದರು. ಅಪ್ಪನಿಗೇನಾಗಿತ್ತು ಧಾಡಿ, ಟೆಕ್ಸಸ್‌ನಲ್ಲಿ ಎರಡನೇ ಹೆಂಡತಿಯ ಜೊತೆ ಚೆನ್ನಾಗಿಯೇ ಇದ್ದ.

ಹಿಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಂಕಜಾ ಮೈಸೂರಿನ ಸರಸ್ವತಿಪುರಂನವಳು. ಗಂಡ ಗುರುರಾಜನ ಕೆಲಸದ ವೀಸಾಕ್ಕೆ ಜೋತುಬಿದ್ದು, ಐದು ವರ್ಷದ ಮಗನ ಕೈ ಹಿಡಿದುಕೊಂಡು ಬಂದವಳು. ಡಿವೋರ್ಸ್ ಆದ ದಿನ ಗಂಡನೂ ಹೋದ, ವೀಸಾನೂ ಹೋಯಿತು. ಗಂಡ ಹೋದದ್ದಕ್ಕೆ ಅತ್ತಳು. ವೀಸಾ ಹೋದದ್ದಕ್ಕೆ ಅಳುವುದಕ್ಕೂ ಹೆದರಿದಳು, ಯಾರಾದರೂ ಕೇಳಿಸಿಕೊಂಡರೆ ಅಂತ. ಆಮೇಲೆ ಗುರುರಾಜನಿಗೆ ಗ್ರೀನ್ ಕಾರ್ಡ್ ಬಂತು, ಅವನ ಮಗ ಅನ್ನುವ ಕಾರಣಕ್ಕೆ ವಸಿಷ್ಠನಿಗೂ ಬಂತು. ಪಂಕಜಾ ಯಾವ ಲೆಕ್ಕಕ್ಕೂ ಸೇರದೆ ಉಳಿದಳು. ಹುಡುಗನ ಸ್ಕೂಲು ಮುಗಿಯಲಿ, ಆಮೇಲೆ ಊರಿಗೆ ಹೋದರಾಯಿತು ಅಂದುಕೊಂಡು ಇದ್ದಳು. ಇದ್ದೂ ಇದ್ದೂ, ಒಂದು ಸಲ ಈ ದೇಶ ಬಿಟ್ಟರೆ ಹತ್ತು ವರ್ಷ ಕಾಲಿಡುವ ಹಾಗಿಲ್ಲ ಅನ್ನುವ ಸ್ಥಿತಿಗೆ ಬಂದಳು. ಒಂದು ಗುಜರಾತಿ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದುಕೊಂಡು, ಕಂಪ್ಯೂಟರ್ ಕೆಲಸದ ನಾಲ್ಕಾರು ಸಂಸಾರಗಳಿಗೆ ಸಾರು ಪಲ್ಯ ಮಾಡಿಕೊಟ್ಟು ಜೀವನ ನಡೆಸುತ್ತಿದ್ದಳು.

ವಸಿಷ್ಠ ಮಾತು ಕಡಿಮೆಯ ಹುಡುಗ. ಅಮ್ಮ ರಸ್ತೆಯಲ್ಲಿ ಪೊಲೀಸ್ ಕಾರು ಕಂಡರೆ ಅಂಗಡಿಯ ಕಡೆ ತಿರುಗಿ ನಿಲ್ಲುವುದನ್ನು ನೋಡಿಕೊಂಡೇ ಬೆಳೆದಿದ್ದ. ಹತ್ತೊಂಬತ್ತು ತುಂಬಿದ ಮೇಲೆ ಒಂದು ದಿನ ಊಟಕ್ಕೆ ಕೂತು ಹೇಳಿದ. ಗ್ರೀನ್ ಕಾರ್ಡ್ ಇದ್ದವರು ಸೈನ್ಯ ಸೇರಿದರೆ ಉಳಿದವರ ಹಾಗೆ ವರ್ಷಗಟ್ಟಲೆ ಕಾಯಬೇಕಿಲ್ಲ, ಬೇಗ ಸಿಟಿಜನ್‌ಶಿಪ್ ಸಿಗುತ್ತದೆ. ಸಿಟಿಜನ್ ಆದ ಮಗ ಇಪ್ಪತ್ತೊಂದು ತುಂಬಿದ ಮೇಲೆ ತಾಯಿಗೆ ಗ್ರೀನ್ ಕಾರ್ಡ್ ಕೇಳಬಹುದು. ತಾಯಿ ಬರುವಾಗ ಸರಿಯಾದ ವೀಸಾದ ಮೇಲೆ ಬಂದವಳಾದ್ದರಿಂದ, ದೇಶ ಬಿಟ್ಟು ಹೋಗದೆ ಇಲ್ಲೇ ಕೂತು ಪಡೆಯಬಹುದು.

"ಇಟ್ಸ್ ಸಿಂಪಲ್ ಅಮ್ಮ. ನಾನು ಸರ್ವ್ ಮಾಡ್ತೀನಿ, ಸಿಟಿಜನ್ ಆಗ್ತೀನಿ, ನಿಂಗೆ ಫೈಲ್ ಮಾಡ್ತೀನಿ. ಡನ್."

"ಯುದ್ಧಕ್ಕೆ ಕಳಿಸಿದರೆ ಏನೋ ಮಾಡ್ತೀಯ?"

"ಕಳಿಸಿದ್ರೆ ಹೋಗ್ತೀನಿ."

ಪಂಕಜಾ ಬಾಯಿಗೆ ಬಂದ ಹಾಗೆ ಬೈದಳು. ಓದು ಬಿಟ್ಟು ಗುಂಡಿಗೆ ಎದೆ ಕೊಡುವ ಬುದ್ಧಿ ಯಾರು ಹೇಳಿಕೊಟ್ಟರೋ ಅಂದಳು, ನಿಮ್ಮಪ್ಪನ ವಂಶದ ಹಟ ಅಂದಳು. ಬೈಯುತ್ತಲೇ ಹೊಟ್ಟೆಯೊಳಗೆ ಒಂದು ಆಸೆ ಹುಟ್ಟಿತು. ಬೆಳಕಿರುವ ಮನೆ, ತನ್ನ ಹೆಸರಿನದೊಂದು ಕಾರ್ಡು, ಒಂದು ಸಲ ಮೈಸೂರಿಗೆ ಹೋಗಿ ಅಣ್ಣನ ಮಕ್ಕಳನ್ನು ನೋಡಿಕೊಂಡು ವಾಪಸ್ಸು ಬರುವುದು. ಮಗನ ಜೀವ ಒತ್ತೆಯಿಟ್ಟು ಇಂಥದ್ದಕ್ಕೆ ಆಸೆ ಪಡುತ್ತಿದ್ದೇನಲ್ಲ ಅಂತ ಅವಳಿಗೇ ನಾಚಿಕೆಯಾಯಿತು. ಆ ಭಾನುವಾರ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಸಬ್‌ವೇ ಹಿಡಿದು ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿ, ಮಗನ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದಳು.

ಟ್ರೇನಿಂಗ್ ಮುಗಿಯಿತು. ಅಲ್ಲಿ ಮುಗಿಸಿದವರ ಮೆರವಣಿಗೆ ನೋಡಲು ತಾಯಿ ತಂದೆಯರೆಲ್ಲ ಹೋಗುತ್ತಾರಂತೆ. ಪಂಕಜಾಳನ್ನು ವಸಿಷ್ಠ ಬಾ ಅನ್ನಲಿಲ್ಲ. ಗೇಟಿನಲ್ಲಿ ಐಡಿ ಕೇಳ್ತಾರೆ ಅಮ್ಮ, ಅಂದ. ಅದು ಅವಳಿಗೂ ಅರ್ಥವಾಗುವ ಮಾತೇ. ಆದರೆ ಚಕ್ಕುಲಿ ಕೋಡುಬಳೆ ಪಾರ್ಸಲ್ ಕಳಿಸುತ್ತೇನೆ ಅಂದರೂ ಬೇಡ ಅಂದ. ಆಫೀಸಿನ ನಂಬರು ಕೊಡು, ಏನಾದರೂ ಅವಸರ ಬಿದ್ದರೆ ಅಂದರೆ, ನಾನೇ ಮಾಡ್ತೀನಿ ಅಂದ. ಪಂಕಜಾ ಇದನ್ನು ರಾಜಿಯ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡಳು. ರಾಜಿ ಅವಳು ಅಡುಗೆ ಮಾಡುವ ಮನೆಯಾಕೆ, ಐಟಿ ಕಂಪನಿಯಲ್ಲಿ ಮ್ಯಾನೇಜರು, ಇವಳ ಸಂಗತಿಯೆಲ್ಲ ಗೊತ್ತಿದ್ದೂ ಬಾಯಿ ಬಿಡದ ಒಬ್ಬಳೇ ಸ್ನೇಹಿತೆ. "ಮಿಲಿಟರಿ ಅಂದ್ರೆ ಹಾಗೇ ರೀ. ನೀವು ಸುಮ್ನೆ ಏನೇನೋ ಕಲ್ಪಿಸ್ಕೋಬೇಡಿ" ಅಂದಳು.

ಕೆಲಸ ಅದೃಷ್ಟಕ್ಕೆ ಸೌತ್ ಜೆರ್ಸಿಯ ಒಂದು ಸೈನ್ಯದ ಬೇಸ್‌ನಲ್ಲೇ ಸಿಕ್ಕಿತು. ಸಿಟಿಜನ್‌ಶಿಪ್‌ನ ಇಂಟರ್‌ವ್ಯೂ ಮುಗಿಯಿತು. ಜನವರಿಯಲ್ಲಿ ಪ್ರಮಾಣವಚನ. ಅದಕ್ಕೆ ಮೊದಲು, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ವಸಿಷ್ಠ ರಜೆಯ ಮೇಲೆ ಮನೆಗೆ ಬಂದ.

ಬಾಗಿಲು ತೆಗೆದವಳಿಗೆ ಮಗನ ಗುರುತೇ ಹತ್ತಲಿಲ್ಲ. ಕೂದಲು ಇಲ್ಲ, ಕೆನ್ನೆ ಇಲ್ಲ, ಭುಜ ಮಾತ್ರ ಬಂದಿದೆ. ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಅವನ ನಿದ್ದೆ. ಮಲಗಿದವನು ಸ್ವಲ್ಪ ಸದ್ದಾದರೂ ಎದ್ದು ಕೂರುತ್ತಿದ್ದ. ಮೇಲಿನ ಮನೆಯವರು ಕುರ್ಚಿ ಎಳೆದರೆ ಎದ್ದು ಕೂತ, ಬಾಯ್ಲರ್ ಹೊತ್ತಿಕೊಂಡರೆ ಎದ್ದು ಕೂತ. ಹೀಗಾದರೆ ಹುಡುಗ ಉಳಿಯುವುದು ಹೇಗೆ ಅಂತ ಪಂಕಜಾ ಮಾರನೆಯ ದಿನ ಗಸಗಸೆ ಪಾಯಸಕ್ಕೆ ಕೈ ಹಾಕಿದಳು.

ಮೈಸೂರಿನ ಕಡೆಯ ಯಾವ ಅಜ್ಜಿಯನ್ನು ಬೇಕಾದರೂ ಕೇಳಿ, ನಿದ್ದೆಗೆ ಗಸಗಸೆ ಪಾಯಸಕ್ಕಿಂತ ಮದ್ದಿಲ್ಲ ಅನ್ನುತ್ತಾಳೆ. ಹಬ್ಬದ ಊಟದಲ್ಲಿ ಎರಡು ಲೋಟ ಕುಡಿದ ಗಂಡಸರು ಎಲೆಯಿಂದ ಏಳುವ ಮೊದಲೇ ಆಕಳಿಸುವುದನ್ನು ನೋಡಿ ನಗುತ್ತಾ ಬೆಳೆದವರು ನಾವೆಲ್ಲ. ಪಂಕಜಾ ಇಂಡಿಯನ್ ಸ್ಟೋರಿನಿಂದ ತಂದ ಗಸಗಸೆಯನ್ನು ಒಂದು ಹಿಡಿ ಅಕ್ಕಿಯ ಜೊತೆ ಘಮ್ಮೆನ್ನುವ ಹಾಗೆ ಹುರಿದಳು, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿದಳು, ಬೆಲ್ಲ ಏಲಕ್ಕಿ ಹಾಕಿ ಕುದಿಸಿದಳು. ಮಾಮೂಲಿಗಿಂತ ಧಾರಾಳವಾಗಿಯೇ ಹಾಕಿದಳು. ಮಗನಿಗಲ್ಲದೆ ಇನ್ಯಾರಿಗೆ ಹಾಕಬೇಕು?

ವಸಿಷ್ಠ ಲೋಟದ ಮೇಲೆ ಲೋಟ ಕುಡಿದ. ಕುಡಿದು ಸೋಫಾದ ಮೇಲೆ ಹಾಗೇ ಒರಗಿದವನು ಸಂಜೆಯವರೆಗೂ ಮಿಸುಕಲಿಲ್ಲ. ಪಂಕಜಾ ಅವನ ಮೇಲೆ ರಗ್ಗು ಹೊದಿಸಿ, ಮಿಕ್ಸಿ ಕೂಡ ಆನ್ ಮಾಡದೆ, ಕೂತು ಅವನ ಮುಖ ನೋಡಿದಳು. ಆ ವರ್ಷದಲ್ಲಿ ಅವಳಿಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ. ವಾಪಸ್ಸು ಹೊರಡುವ ಬೆಳಿಗ್ಗೆ ಫ್ರಿಜ್‌ನಲ್ಲಿ ಉಳಿದಿದ್ದನ್ನೂ ಬಿಸಿ ಮಾಡಿ ಕುಡಿಸಿಯೇ ಕಳಿಸಿದಳು.

ರಜೆಯಿಂದ ಬಂದವರಿಗೆಲ್ಲ ಅಲ್ಲಿ ಮೂತ್ರ ಪರೀಕ್ಷೆ ಮಾಡುತ್ತಾರೆ. ಡಿಸೆಂಬರಿನಲ್ಲಿ ವಸಿಷ್ಠನ ಫೋನು ಬಂತು. ಧ್ವನಿ ತೀರ ಸಣ್ಣದಾಗಿತ್ತು.

"ಅಮ್ಮ, ಮನೇಲಿದ್ದಾಗ ನಂಗೆ ಏನಾದ್ರೂ ಟ್ಯಾಬ್ಲೆಟ್ ಕೊಟ್ಯಾ? ಕಾಫ್ ಸಿರಪ್? ಎನಿಥಿಂಗ್?"

"ಇಲ್ಲವಲ್ಲೋ. ಯಾಕೆ?"

"ನನ್ನ ಟೆಸ್ಟ್‌ನಲ್ಲಿ ಡ್ರಗ್ ಬಂದಿದೆ."

ಸಿಗರೇಟು ಮುಟ್ಟದ ಹುಡುಗ ಅವನು. ಫೋನಿಟ್ಟವಳು ಕೋಟನ್ನೂ ಹಾಕಿಕೊಳ್ಳದೆ ರಾಜಿಯ ಮನೆಗೆ ಹೋದಳು. ರಾಜಿಯ ಗಂಡ ಶಿವರಾಮ್ ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ಏನು ತಿಂದ, ಏನು ಕುಡಿದ ಅಂತ ಒಂದೊಂದಾಗಿ ಕೇಳಿದರು. ಪಾಯಸದ ಹೆಸರು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಂಕಜಾ ಅವರೇ, ಗಸಗಸೆ ಅಂದ್ರೆ ಅಫೀಮಿನ ಗಿಡದ ಬೀಜ. ಬೀಜದೊಳಗೆ ಏನೂ ಇರಲ್ಲ. ಕಾಯಿಯ ಹಾಲು ಒಂಚೂರು ಮೇಲೆ ಅಂಟಿಕೊಂಡಿರತ್ತೆ. ತುಂಬಾ ತಿಂದ್ರೆ ಟೆಸ್ಟ್‌ನಲ್ಲಿ ಸಿಕ್ಕಿಬೀಳತ್ತೆ."

ವಸಿಷ್ಠನಿಗೂ ಇದು ಗೊತ್ತಿತ್ತು, ಅದೇ ಹೊಟ್ಟೆ ಉರಿಸುವ ಸಂಗತಿ. ಸೈನ್ಯದಲ್ಲಿ ಮೊದಲೇ ಎಚ್ಚರಿಕೆ ಕೊಟ್ಟಿದ್ದರಂತೆ. ಬೇಗಲ್ ಅನ್ನುವ ಬಳೆಯಾಕಾರದ ಬ್ರೆಡ್ಡಿನ ಮೇಲೆ ಉದುರಿಸುವ ಕಪ್ಪು ಗಸಗಸೆ ತಿನ್ನಬೇಡಿ ಅಂದದ್ದಕ್ಕೆ ಅವನು ಬೇಗಲ್ ಅಂಗಡಿಯ ಕಡೆಗೇ ಹೋಗುತ್ತಿರಲಿಲ್ಲ. ಬಿಳಿ ಗಸಗಸೆ ರುಬ್ಬಿ ಮಾಡಿದ ಅಮ್ಮನ ಮನೆಯ ನುಣ್ಣಗಿನ ಪಾಯಸದೊಳಗೆ ಅದೇ ಕೂತಿರುತ್ತದೆ ಅಂತ ಹುಡುಗನಿಗೆ ಹೊಳೆಯುವುದಾದರೂ ಹೇಗೆ? ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಮಾಡಿದವರು, ಊಟ ಬಲ್ಲ ತಾಯಿಯ ಕೈಯಿಂದಲೇ ಮಗನಿಗೆ ಕೇಡು ಬಂದರೆ ಏನು ಮಾಡಬೇಕು ಅಂತ ಹೇಳಿ ಹೋಗಲಿಲ್ಲ.

ಪಂಕಜಾ ತಕ್ಷಣ ಮಗನಿಗೆ ಫೋನ್ ಮಾಡಿ ಹೇಳಿದಳು, ಪಾಯಸದಿಂದ ಅಂತ ಹೇಳಿಬಿಡು.

"ಇಲ್ಲಿ ಆರ್ಮಿ ಲಾಯರೂ ಅದೇ ಕೇಳಿದ್ರು. ಫುಡ್‌ನಿಂದ ಆಗಿದ್ರೆ ಬಿಟ್ಟುಬಿಡಬಹುದಂತೆ. ಬಟ್ ಮಾಡಿದವರು ಬಂದು ಹೇಳ್ಬೇಕಂತೆ."

"ಮಾಡಿದವಳು ನಾನಿದ್ದೀನಲ್ಲೋ."

"ನೋ. ರೆಸ್ಟೋರೆಂಟ್‌ನಲ್ಲಿ ಏನೋ ತಿಂದೆ, ನೆನಪಿಲ್ಲ ಅಂದಿದ್ದೀನಿ."

"ಅದನ್ನ ಯಾರೋ ನಂಬ್ತಾರೆ?"

"ಅಮ್ಮ, ನೀನು ಯಾರಿಗೂ ಕಾಲ್ ಮಾಡ್ಬೇಡ. ಪ್ರಾಮಿಸ್ ಮಾಡು."

ಅವಳು ಆಯಿತು ಅಂದಳು. ಆಣೆ ಇಟ್ಟು ಹೇಳಿದಳು. ಪ್ರಮಾಣವಚನದ ತಾರೀಖು ಸದ್ಯಕ್ಕೆ ನಿಂತಿತು. ಹೊಸ ವರ್ಷ ಕಳೆದ ಮೇಲೆ, ವಾರದೊಳಗೆ ಸರಿಯಾದ ವಿವರಣೆ ಬಾರದಿದ್ದರೆ ಮಾದಕ ವಸ್ತುವಿನ ಕಾರಣಕ್ಕೆ ಮನೆಗೆ ಕಳಿಸುತ್ತಾರೆ, ಆ ಹೆಸರು ಹೊತ್ತು ಹೊರಬಂದವನಿಗೆ ಸಿಟಿಜನ್‌ಶಿಪ್ಪೂ ಇಲ್ಲ, ಮರ್ಯಾದೆಯ ಕೆಲಸವೂ ಇಲ್ಲ ಅಂತ ಗೊತ್ತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಅಂದರೆ ಇದೇ.

ಆ ವಾರ ಪಂಕಜಾ ಪಟ್ಟ ಪಾಡು ಶತ್ರುವಿಗೂ ಬೇಡ. ವರ್ಷಗಟ್ಟಲೆ ಯಾರಿಗೂ ಪೂರ್ತಿ ಹೆಸರು ಹೇಳದೆ ಬದುಕಿದವಳು. ಲೈಬ್ರರಿಯ ಕಾರ್ಡು ಕೂಡ ಮಾಡಿಸಿರಲಿಲ್ಲ. ಈಗ ಸರ್ಕಾರದ ಮುಂದೆಯೇ ಹೋಗಿ ನಾನು ಇಂಥವಳು, ಇಂಥ ಕಡೆ ಇದ್ದೇನೆ ಅನ್ನಬೇಕು. ಅಂದರೆ ಹಿಡಿದು ಕಳಿಸಬಹುದು. ಅನ್ನದಿದ್ದರೆ ಮಗ ಅಫೀಮು ತಿಂದವನಾಗುತ್ತಾನೆ. ನನ್ನನ್ನು ಉಳಿಸಲು ಹೋದವನು, ನಾನು ಕುಡಿಸಿದ ಪಾಯಸಕ್ಕೆ, ನನ್ನ ಹೆಸರು ಹೇಳಲಾರದೆ ಹಾಳಾಗುತ್ತಿದ್ದಾನೆ ಅಂತ ಹಗಲೂ ರಾತ್ರಿ ಅದನ್ನೇ ಯೋಚಿಸಿದಳು. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಎರಡು ಮನೆಯವರು ಅನ್ನ ಬೆಂದಿಲ್ಲ ಅಂತ ಮೆಸೇಜ್ ಮಾಡಿದರು.

ಕೊನೆಗೆ ಅವಳಿಗೆ ತೋಚಿದ್ದು ನಮ್ಮವರಿಗೆಲ್ಲ ತೋಚುವ ದಾರಿಯೇ. ಸ್ಕೂಲಿನಲ್ಲಿ ಹುಡುಗನ ಮೇಲೆ ತಪ್ಪು ಬಂದರೆ ತಾಯಿ ಸೀರೆ ಸರಿಮಾಡಿಕೊಂಡು ನೇರ ಹೆಡ್‌ಮಾಸ್ಟರ ಹತ್ತಿರ ಹೋಗುತ್ತಾಳೆ. ನನ್ನ ಮಗ ಅಂಥವನಲ್ಲ ಸಾರ್, ತಪ್ಪು ನಂದು, ಅನ್ನುತ್ತಾಳೆ. ಮೈಸೂರಿನಲ್ಲಿ ಅವಳ ಅಮ್ಮ ಅವಳ ಅಣ್ಣನಿಗಾಗಿ ಹಾಗೆ ಹೋಗಿದ್ದಳು. ಹೆಡ್‌ಮಾಸ್ಟರು ಕೇಳಿ, ಕರಗಿ, ಬಿಟ್ಟಿದ್ದರು. ಮೇಲಿನವರು ಎಲ್ಲಿಯವರಾದರೇನು, ತಾಯಿಯ ಮಾತಿಗೆ ಕಿವಿ ಇರುವುದಿಲ್ಲವೇ ಅಂದುಕೊಂಡಳು. ವಸಿಷ್ಠನ ಟೀಶರ್ಟಿನ ಮೇಲೆ ಅವನ ತುಕಡಿಯ ಹೆಸರಿತ್ತು. ರಾಜಿ ಹುಡುಕಿ ಆಫೀಸಿನ ನಂಬರು ತೆಗೆದುಕೊಟ್ಟಳು.

"ಒಂದು ಸಲ ವಸಿಷ್ಠನ್ನ ಕೇಳಿ ಮಾಡಿ ರೀ" ಅಂದಳು ರಾಜಿ.

"ಕೇಳಿದ್ರೆ ಬೇಡ ಅಂತಾನೆ. ನನ್ನನ್ನ ಕಳಿಸಿದ್ರೆ ಕಳಿಸ್ಲಿ ರಾಜಿ. ಅವನ ಹೆಸರು ಕೆಡಬಾರದು."

ಫೋನೆತ್ತಿದ ಸಾರ್ಜೆಂಟು ಬಹಳ ಮರ್ಯಾದಸ್ಥ. ಮಾತಿಗೊಮ್ಮೆ ಮ್ಯಾಮ್ ಅನ್ನುತ್ತಿದ್ದ. ಪಂಕಜಾ ಮೊದಲೇ ಉರುಹೊಡೆದಿಟ್ಟುಕೊಂಡಿದ್ದ ಇಂಗ್ಲಿಷಿನಲ್ಲಿ, ನಾನು ವಸಿಷ್ಠನ ತಾಯಿ ಅಂದಳು.

"ತಾಯಿಯೇ, ಮ್ಯಾಮ್?"

"ಹೌದು ಸಾರ್."

"ಇಂಡಿಯಾದಿಂದ ಮಾತಾಡ್ತಾ ಇದ್ದೀರಾ?"

"ಇಲ್ಲ ಸಾರ್. ಪಾರ್ಸಿಪನಿ."

ಅವನು ಏನೋ ಟೈಪ್ ಮಾಡಿದ ಸದ್ದು ಕೇಳಿತು. ಹೇಳಿ ಮ್ಯಾಮ್, ಅಂದ. ಪಂಕಜಾ ಹೇಳಿದಳು. ಗಸಗಸೆ ಎಷ್ಟು ಹಾಕಿದೆ, ಅಕ್ಕಿ ಎಷ್ಟು, ಎಷ್ಟು ಲೋಟ ಕುಡಿದ, ಹೊರಡುವ ದಿನ ತಾನೇ ಒತ್ತಾಯ ಮಾಡಿ ಕುಡಿಸಿದ್ದು, ಎಲ್ಲವನ್ನೂ. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಯಲ್ಲಿ ಅಡ್ರೆಸ್ ಕೇಳಿದ, ಕೊಟ್ಟಳು. ಪಾರ್ಸಿಪನಿಯಲ್ಲಿ ಎಷ್ಟು ಕಾಲದಿಂದ ಇದ್ದೀರಿ ಅಂತ ಕೇಳಿದ. ಸತ್ಯ ಹೇಳಲು ಹೊರಟವಳು ಅರ್ಧಕ್ಕೆ ನಿಲ್ಲಿಸಬಾರದು ಅಂತ ಅದನ್ನೂ ಹೇಳಿದಳು, ಮಗ ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಸಾರ್, ಒಂದು ದಿನವೂ ಬಿಟ್ಟು ಹೋಗಿಲ್ಲ. ಇದರಿಂದ ತುಂಬಾ ಸಹಾಯವಾಯಿತು ಮ್ಯಾಮ್, ಅಂದ ಸಾರ್ಜೆಂಟು.

ಫೋನಿಟ್ಟ ಪಂಕಜಾ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಬಂದು ಹಿಡಿದುಕೊಂಡು ಹೋದರೂ ಹೋಗಲಿ ಅಂತ ಒಂದು ಸಣ್ಣ ಸೂಟ್‌ಕೇಸಿನಲ್ಲಿ ನಾಲ್ಕು ಸೀರೆ, ಬಿಪಿ ಮಾತ್ರೆ ಇಟ್ಟುಕೊಂಡಳು. ಹೆದರಿಕೆಯಿತ್ತು, ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ಅನ್ನ ಸಾರು ಹೊಟ್ಟೆ ತುಂಬ ಉಂಡಳು.

ಮೂರನೆಯ ದಿನ ಸಂಜೆ ವಸಿಷ್ಠ ಫೋನ್ ಮಾಡಿದ.

"ಅಮ್ಮ, ಕಾಲ್ ಮಾಡಿದ್ಯಂತೆ."

"ಮಾಡ್ದೆ ಕಣೋ. ಬೈಯೋದಾದ್ರೆ ಬೈಯಿ. ಏನಂದ್ರು?"

"ಪಾಯಸದ್ದು ನಂಬಿದ್ರು. ಡಾಕ್ಟರ್ ನೋಡಿ ಓಕೆ ಅಂದ್ರು. ಆ ಕೇಸ್ ಕ್ಲೋಸ್ ಮಾಡಿದ್ರು."

"ಅಪ್ಪಾ ಗಣೇಶ" ಅಂದಳು ಪಂಕಜಾ. ಅವಳಿಗೆ ಅಳುವೇ ಬಂದುಬಿಟ್ಟಿತು.

"ಇರು ಅಮ್ಮ. ಲಿಸನ್." ಅವನು ಉಸಿರು ಎಳೆದುಕೊಂಡ. "ಸೇರೋವಾಗ ಕೇಳಿದ್ರು, ಫ್ಯಾಮಿಲಿ ಎಲ್ಲಿದ್ದಾರೆ ಅಂತ. ಅಮ್ಮ ಮೈಸೂರಲ್ಲಿದ್ದಾರೆ ಅಂದಿದ್ದೆ. ಪ್ರಮಾಣ ಮಾಡಿ ಹೇಳಿದ್ದೆ. ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲೂ ಅದೇ ಹೇಳಿದ್ದೆ. ನಿನ್ನ ಅಡ್ರೆಸ್ ಯಾರಿಗೂ ಸಿಗಬಾರದು ಅಂತ."

ಪಾರ್ಸಲ್ ಬೇಡ ಅಂದದ್ದು, ನಂಬರು ಕೊಡದೆ ಇದ್ದದ್ದು, ಆಣೆ ಹಾಕಿಸಿಕೊಂಡದ್ದು, ಎಲ್ಲದಕ್ಕೂ ಈಗ ಅರ್ಥ ಬಂತು.

"ಡ್ರಗ್ ಇಲ್ಲ ಅಂತ ಆಯ್ತು" ಅಂದ ವಸಿಷ್ಠ. "ಆದ್ರೆ ಸುಳ್ಳು ಹೇಳಿ ಸೇರಿದೆ ಅಂತ ಆಯ್ತು. ಅದಕ್ಕೆ ಎಕ್ಸ್‌ಪ್ಲನೇಷನ್ ಇಲ್ಲ."

"ನಂಗೆ ಹೇಳಬಾರದಿತ್ತೇನೋ ಮುಂಚೆ?"

"ನೀನು ಬೇಜಾರ್ ಮಾಡ್ಕೋತೀಯ ಅಂತ. ತಾಯಿ ಇಲ್ಲಿಲ್ಲ ಅಂತ ಹೇಳಿದೆ ಅಂದ್ರೆ."

ನೋಡಿ, ಒಂದೇ ಮನೆಯಲ್ಲಿ ಎರಡು ಜೀವ. ಒಬ್ಬ ಅವಳಿಗಾಗಿ ಸುಳ್ಳು ಹೇಳಿದ, ಒಬ್ಬಳು ಅವನಿಗಾಗಿ ನಿಜ ಹೇಳಿದಳು. ಬಾಯಿ ಬಿಟ್ಟು ಒಂದು ಮಾತು ಆಡಿಕೊಂಡಿದ್ದರೆ ಸಾಕಾಗಿತ್ತು. ನಮ್ಮಲ್ಲಿ ಪ್ರೀತಿ ಅಂದರೆ ಮುಚ್ಚಿಡುವುದು ಅಂತಲೇ ಆಗಿದೆಯಲ್ಲ, ಅದಕ್ಕೆ ಏನನ್ನೋಣ.

ಮಾರ್ಚಿನಲ್ಲಿ ಅವನನ್ನು ಮನೆಗೆ ಕಳಿಸಿದರು. ಜೈಲು ಗೀಲು ಆಗಲಿಲ್ಲ, ಗ್ರೀನ್ ಕಾರ್ಡ್ ಸದ್ಯಕ್ಕೆ ಕೈಯಲ್ಲೇ ಉಳಿಯಿತು. ಆದರೆ ಪ್ರಮಾಣ ಮಾಡಿ ಸುಳ್ಳು ಹೇಳಿದವನು ಅನ್ನುವುದು ಅವನ ಹೆಸರಿಗೆ ಅಂಟಿಕೊಂಡಿತು. ಸಿಟಿಜನ್‌ಶಿಪ್ ಮಾತು ಇನ್ನು ಬಹಳ ವರ್ಷ ಎತ್ತಬೇಡ, ಎತ್ತಿದರೆ ಇದ್ದದ್ದೂ ಹೋಗಬಹುದು ಅಂತ ವಕೀಲರು ಹೇಳಿದರು. ಅವನಿಗೆ ಇಪ್ಪತ್ತೊಂದು ತುಂಬಿದ ದಿನ ಪಂಕಜಾ ತಲೆಗೆ ಎಣ್ಣೆಯಿಟ್ಟು ನೀರು ಹಾಕಿದಳು. ಇಬ್ಬರೂ ಆ ವಯಸ್ಸಿನ ಮಾತು ಎತ್ತಲಿಲ್ಲ.

ಅವಳನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಬರುತ್ತಾರೆ ಅಂತ ಕಾಯುವುದು ಮಾತ್ರ ತಪ್ಪಲಿಲ್ಲ. ಅಡ್ರೆಸ್ ಅವರ ಕೈಯಲ್ಲಿದೆ. ಸೂಟ್‌ಕೇಸು ಬಾಗಿಲ ಪಕ್ಕದಲ್ಲೇ ಇತ್ತು. ವಸಿಷ್ಠ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಸೇರಿದ. ಬಂದು, ಉಂಡು, ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ಅಂಚೆಯವನು ಬಂದರೆ ಇವನು ಮೊದಲು ಎದ್ದು ಕಿಟಕಿಯಿಂದ ನೋಡುತ್ತಿದ್ದ. ಅಮ್ಮನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರವಾಗುತ್ತಿದ್ದಳು. ಬೇಕಿದ್ದರೂ ಬೇಡವಾಗಿದ್ದರೂ ಎಲ್ಲದಕ್ಕೂ ಓಕೆ ಅಮ್ಮ, ಓಕೆ ಅಮ್ಮ, ಅನ್ನುತ್ತಿದ್ದ.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಅವನಿಗೆ ಬಡಿಸುತ್ತಾ ಪಂಕಜಾ ಹೇಳಿದಳು.

"ನಾನು ಊರಿಗೆ ಹೋಗಿಬಿಡ್ತೀನಿ ಕಣೋ. ಅಣ್ಣ ಬಾ ಅಂತಿದ್ದಾನೆ. ಇಲ್ಲಿ ನಿನಗೂ ಹೆದರಿಕೆ, ನನಗೂ ಹೆದರಿಕೆ."

ಇದನ್ನು ಅವಳು ಹೋಗಬೇಕು ಅಂತ ಹೇಳಿದ್ದಲ್ಲ. ತಾಯಂದಿರು ಹೀಗೆ ಹೇಳುವುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಮಗ ತಟ್ಟೆಯಿಂದ ಕೈ ತೆಗೆಯಬೇಕು, ಹುಚ್ಚಾ ನಿಂಗೆ ಅನ್ನಬೇಕು, ಹತ್ತು ವರ್ಷ ಅಮ್ಮ, ಟೆನ್ ಇಯರ್ಸ್, ಅನ್ನಬೇಕು. ಆಮೇಲೆ ಅವಳು ಸರಿ ಬಿಡೋ, ಊಟ ಮಾಡು ಅನ್ನಬೇಕು. ಅಷ್ಟಕ್ಕೇ ಅವಳು ಆ ಮಾತು ತೆಗೆದದ್ದು.

ವಸಿಷ್ಠ ಬಾಯಲ್ಲಿದ್ದದ್ದನ್ನು ನುಂಗಿ, ನೀರು ಕುಡಿದ.

"ಟಿಕೆಟ್ ಜೆಎಫ್‌ಕೆ ಇಂದನಾ, ನ್ಯೂಅರ್ಕಿಂದನಾ?"

ಪಂಕಜಾ ಸೌಟು ಹಿಡಿದು ನಿಂತಳು.

"ನ್ಯೂಅರ್ಕ್ ಆದ್ರೆ ಡ್ರಾಪ್ ಮಾಡಿ ಶಿಫ್ಟ್‌ಗೆ ಹೋಗಬಹುದು" ಅಂದ. "ಜೆಎಫ್‌ಕೆ ಆದ್ರೆ ರಜೆ ಕೇಳಬೇಕು."

ಅವನ ಮುಖದಲ್ಲಿ ಕೋಪವಿರಲಿಲ್ಲ. ದುಃಖ ಇತ್ತು, ಖಂಡಿತ ಇತ್ತು. ಅದರ ಜೊತೆಗೆ, ಬಹಳ ದಿನದ ಮೇಲೆ, ಅವನ ಭುಜ ಸ್ವಲ್ಪ ಇಳಿದಿತ್ತು. ಹೆತ್ತವಳಿಗೆ ಅದು ಕಾಣದೆ ಇರುತ್ತದೆಯೇ. ಇನ್ನೊಂದು ಸೌಟು ಹುಳಿ ಬಡಿಸಿದಳು.

"ನ್ಯೂಅರ್ಕ್‌ನಿಂದಲೇ ನೋಡಪ್ಪ" ಅಂದಳು.